ಧುಪದಾಳದಿಂದ ಕೇಳಿದ ಹಾಡು

ಭಾಗ್ಯಾ,

ಇವತ್ತು ಮಧ್ಯಾಹ್ನ ನಮ್ಮ ಮೂಡಲಗಿ ರೇಡಿಯೊ ಸ್ಟೇಷನ್ನನ್ನು ಕಬ್ಬಿಣದ ಸ್ಟೂಲಿನಿಂದ ಒಡೆದು ಹಾಕಿದೆ. ಮೊದಲು ಫೋನು, ಆಮೇಲೆ ಮೈಕು, ಆಮೇಲೆ ಎರಡು ಕೋಣೆಗಳ ನಡುವಿನ ಗಾಜು. ಅಂಗೈಯಲ್ಲಿ ಇನ್ನೂ ಚೂರುಗಳಿವೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಸ್ಟೇಷನ್ ಶುರುವಾದಾಗ ಕಬ್ಬು, ಗೋವಿನಜೋಳದ ಮಾತಷ್ಟೇ ಇತ್ತು. ಯಾರೂ ಕೇಳುತ್ತಿಲ್ಲವೆಂದು ಭಜನೆ ಪದಗಳನ್ನು ತಂದೆವು. ಅದೂ ಸಾಲದಾಗಿ, ಜನ ಫೋನ್ ಮಾಡಿ ಸಿನಿಮಾ ಹಾಡು ಕೇಳುವ ನೇರ ಕಾರ್ಯಕ್ರಮ ಬಂತು. ಹೆಸರು, ಊರು ಹೇಳದವರಿಗೆ ಹಾಡಿಲ್ಲ ಎಂಬ ನಿಯಮ ನನ್ನದೇ. ತಮ್ಮೂರಿನ ಹೆಸರು ಬರುತ್ತದೆಂದು ಜನ ದಿನಾ ರೇಡಿಯೊ ಹಚ್ಚುತ್ತಿದ್ದರು.

ಓಡಿಹೋಗಿ ಮದುವೆಯಾದ ನಿನ್ನನ್ನು ಮೂರು ತಿಂಗಳಿಂದ ಹುಡುಕುತ್ತಿದ್ದ ನಿನ್ನ ಅಣ್ಣಂದಿರೂ ನೀನು ಹಾಡು ಕೇಳಲು ಫೋನ್ ಮಾಡಿದ ದಿನ ಹಚ್ಚಿದ್ದರು. ಹಾಡು ಮುಗಿದ ಎರಡು ತಾಸಿಗೆ ಧುಪದಾಳದ ಬಾಡಿಗೆ ಮನೆಯ ಬಾಗಿಲಿಗೆ ಕೊಡಲಿ ಬಿತ್ತು. ನಿನ್ನ ಗಂಡನನ್ನು ಅಂಗಳದಲ್ಲಿ ಕಡಿದರು. ನಿನ್ನನ್ನು ಒಲೆಯ ಮುಂದೆ.

ಅವತ್ತು ನಿಂತ ಕಾರ್ಯಕ್ರಮ ಐದು ವರ್ಷದ ಮೇಲೆ ಇವತ್ತು ಮತ್ತೆ ಶುರುವಾಯಿತು. ಹೊಸದಾಗಿ ಸೇರಿದ ತಮನ್ನಾ ಮೈಕಿನ ಮುಂದಿದ್ದಳು. ಫೋನ್ ಮಾಡಿದ ಹುಡುಗಿಯನ್ನು, "ಯಾವ ಊರವ್ವಾ ನಿಂದು?" ಎಂದು ಕೇಳಿದಳು. ಆ ಕಡೆಯಿಂದ ಉಸಿರಿನ ಸದ್ದು ಮಾತ್ರ ಬಂತು. ನಾನು ಸ್ಟೂಲು ಎತ್ತಿದೆ.

"ಅಕ್ಕಾರ, ಹುಚ್ಚ ಹಿಡದೈತೇನ್ರಿ ನಿಮಗ?" ತಮನ್ನಾ ಗೋಡೆಗೆ ಅಂಟಿಕೊಂಡು ಚೀರಿದಳು. "ಆಕಿ ಬರೇ ಸುಮ್ಮ ಆಗಿದ್ಲರಿ!"

ನೀನೂ ಸುಮ್ಮನಾಗಿದ್ದೆ, ಭಾಗ್ಯಾ. ನಾನು ನಕ್ಕು, "ನಾಚಬ್ಯಾಡವ್ವಾ, ಊರ ಹೇಳು, ಹಾಡ ಹಾಕ್ತೀನಿ" ಅಂದಿದ್ದೆ.