‘ಕಾಂ’ ಮೇಲಿನ ಒತ್ತು

ಅಪ್ಪಾ,

ನೀವು ತೀರಿಕೊಂಡು ಮೂರು ವರ್ಷವಾಯಿತು. ಇದನ್ನು ಓದುವುದಿಲ್ಲವೆಂದು ಗೊತ್ತು. ಆದರೂ ಇವತ್ತು ವಯಸ್ಕರ ಇಂಗ್ಲಿಷ್ ಕ್ಲಾಸಿನಲ್ಲಿ ನಡೆದದ್ದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಉದ್ದನೆಯ ಇಂಗ್ಲಿಷ್ ಪದಗಳನ್ನು ಉಚ್ಚಾರಾಂಶಗಳಾಗಿ ಒಡೆದು, ಒತ್ತು ಎಲ್ಲಿ ಬೀಳುತ್ತದೆಂದು ಗುರುತಿಸುವ ಪಾಠ. ಪಟ್ಟಿಯಲ್ಲಿ ನಿಮ್ಮ ಕೆಲಸದ ಹೆಸರೂ ಇತ್ತು: ಕಾಂಪೋಜಿಟರ್. ಬಸ್ ಓಡಿಸುವ, ನಡುವಯಸ್ಸು ದಾಟಿದ ವಿದ್ಯಾರ್ಥಿಯೊಬ್ಬರು ಅದನ್ನು ಸರಿಯಾಗಿಯೇ ನಾಲ್ಕು ತುಂಡು ಮಾಡಿದರು. ಓದುವಾಗ ಮಾತ್ರ ನಿಮ್ಮ ಹಾಗೆಯೇ ‘ಕಾಂ’ ಮೇಲೆ ಒತ್ತು ಹಾಕಿದರು. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು.

“ಒತ್ತು ತಪ್ಪಿದ್ರೆ ಅರ್ಥ ಆಗಲ್ವಾ ಮೇಡಂ?” ಎಂದು ಆ ಬಸ್ ಡ್ರೈವರ್ ಕೇಳಿದರು.

“ಆಗತ್ತೆ,” ಎಂದೆ. ಪಟ್ಟಿಯ ಮುಂದಿನ ಪದಕ್ಕೆ ಹೋದೆ.

ಸಾಲಿನ ಕೊನೆಯಲ್ಲಿ ಪದ ಪೂರ್ತಿ ಹಿಡಿಯದಿದ್ದರೆ ಎಲ್ಲಿ ಒಡೆಯಬೇಕೆಂದು, ಅಚ್ಚುಮೊಳೆ ಜೋಡಿಸುತ್ತ ನನಗೆ ಕಲಿಸಿದವರು ನೀವು. ನಾನು ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಸೇರಿದ ವಾರ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸ್ಟಾಫ್ ರೂಮಿಗೆ ಬಂದಿರಿ. ಪ್ರಿನ್ಸಿಪಾಲರು ನಿಮ್ಮ ಕೆಲಸ ಕೇಳಿದಾಗ, “ಕಾಂಪೋಜಿಟರ್ ಆಗಿದ್ದೆ ಸಾರ್, ಮೂವತ್ತೊಂದು ವರ್ಷ,” ಎಂದಿರಿ. ಅವರು ಗೌರವದಿಂದ ತಲೆದೂಗಿದರು. ನಾನೇ ನಡುವೆ ಬಾಯಿ ಹಾಕಿ, “ಅಪ್ಪಾ, ಒತ್ತು ‘ಪಾ’ ಮೇಲೆ ಬರ್ಬೇಕು. ಕಂ-ಪಾ-ಜಿ-ಟರ್,” ಎಂದೆ. ಎಲ್ಲರೂ ನಕ್ಕರು. ನೀವೂ ನಕ್ಕಿರಿ.

ಆಮೇಲೆ ಯಾರೇ ಕೇಳಲಿ, “ಪ್ರೆಸ್ಸಲ್ಲಿದ್ದೆ” ಎಂದಷ್ಟೇ ಹೇಳುತ್ತಿದ್ದಿರಿ. ಪಕ್ಕದಲ್ಲೇ ಕೂತಿದ್ದರೂ ನಾನು ಕೇಳಿಯೂ ಕೇಳದವಳಂತೆ ಇದ್ದುಬಿಡುತ್ತಿದ್ದೆ.