ದಿನಾ ನೀರು ಕುಡಿದ ತಂಗಡಿ

ದಿನ್ನೆಹಟ್ಟಿ
ಕ್ರಿ.ಶ. 2194, ಫೆಬ್ರವರಿ 30

ನನ್ನ ಮುತ್ತಜ್ಜಿಯ ಮುತ್ತಜ್ಜಿ ತಿಪ್ಪಕ್ಕನಿಗೆ ಓಬಳಿ ಬರೆಯುವ ಕಾಗದ.

ತಾರೀಖು ನೋಡಿ ಹುಬ್ಬೇರಿಸಬೇಡ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ನಿನ್ನ ಕಿವಿಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸು. ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ಬಚ್ಚಲು, ಕಕ್ಕಸಿನ ನೀರನ್ನು ಶುದ್ಧಮಾಡಿ ಗಿಡಗಳಿಗೆ ಬಿಡುತ್ತೀರಲ್ಲ, ಅದನ್ನು ನಾವು ಮರುನೀರು ಅನ್ನುತ್ತೇವೆ. ನಿನ್ನಂತೆ ನಾನೂ ಅದರ ನೀರುಗಂಟಿ. ಯಾವ ಸಾಲಿಗೆ ಯಾವಾಗ ನೀರು ಎಂದು ನೋಡಿಕೊಳ್ಳುವವಳು. ತಂಗಡಿ ಗಿಡಕ್ಕೆ ನಾವು ಬಿಡುವುದು ಹದಿನೈದು ದಿನಕ್ಕೊಮ್ಮೆ, ಮರುನೀರು ಬಿಟ್ಟುಹೋಗುವ ಉಪ್ಪನ್ನು ತೊಳೆದುಕೊಂಡು ಆಳಕ್ಕೆ ಇಳಿಯುವಷ್ಟು. ನಡುವೆ ಒಂದು ಚೊಂಬು ಸುರಿದವರನ್ನೂ ಪಂಚಾಯಿತಿಗೆ ಕರೆಸುತ್ತೇವೆ. ಬಾಯಾರಿದರೆ ತಾನೇ ಬೇರು ಕೆಳಗೆ ಹುಡುಕಿಕೊಂಡು ಹೋಗುವುದು?

ಇದು ನಿನಗೂ ಗೊತ್ತಿತ್ತು. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. "ದಿನಾ ಕುಡಿಸಿದ್ರೆ ಗಿಡ ಸೋಮಾರಿ ಆಗ್ತಾವೆ ಸಾರ್, ಮ್ಯಾಲೆ ಉಪ್ಪು ಕೂರ್ತೈತೆ" ಎಂದು ನೀನು ನಿನ್ನ ಮೇಲಿನ ಎಂಜಿನಿಯರಿಗೆ ಹೇಳಿದ್ದು ಬಾಯಿಂದ ಬಾಯಿಗೆ ನಮ್ಮವರೆಗೂ ಬಂದಿದೆ. ನೋಡಲು ಬರುವ ದೊಡ್ಡವರ ಕಣ್ಣಿಗೆ ಸದಾ ಹಸಿರು ಕಾಣಬೇಕು ಎಂದನಂತೆ ಆತ. ನೀನು ಹೂಂಗುಟ್ಟಿ ದಿನಾ ಬೆಳಿಗ್ಗೆ ವಾಲ್ವ್ ತಿರುಗಿಸಿದೆ. ಬರಗಾಲಕ್ಕೂ ಜಗ್ಗದ ಗಿಡವನ್ನು ಕೂತಲ್ಲೇ ಕುಡಿಸಿ ಕೆಡಿಸಿದಿರಿ. ಹನ್ನೊಂದು ವರ್ಷದ ಮೇಲೆ ಪೈಪು ಒಡೆದು ನೀರು ನಿಂತಾಗ, ಗೇಣುದ್ದ ಬೇರಿನ ಆ ಗಿಡಗಳು ಇಪ್ಪತ್ತು ದಿನವೂ ಬದುಕಲಿಲ್ಲ. ಉಳಿದದ್ದು ನಾವು ಉಪ್ಪುಹಾಸು ಎನ್ನುವ ಬಿಳಿ ನೆಲ.

ಆ ನೆಲದ ಧೂಳನ್ನೇ ನಾವು ಉಸಿರಾಡುತ್ತೇವೆ. ಗಾಳಿ ಎದ್ದ ದಿನ ಶಾಲೆಗೆ ಧೂಳುರಜೆ. ರೊಟ್ಟಿ ಹಿಟ್ಟಿಗೆ ಉಪ್ಪು ಹಾಕುವುದನ್ನೇ ಬಿಟ್ಟಿದ್ದೇವೆ, ಗಾಳಿಯೇ ಹಾಕುತ್ತದೆ. ನನ್ನ ಮಗಳು ಹೊನ್ನೂರಿ, ಎಂಟು ವರ್ಷದವಳು. ನಾಲ್ಕು ಹೆಜ್ಜೆ ಓಡಿದರೆ ಉಬ್ಬಸ. ಧೂಳು ತಡೆಯಲೆಂದು ನಾಲ್ಕು ಸಲ ತಂಗಡಿ ಬೇಲಿ ಹಾಕಿದೆವು, ನಾಲ್ಕು ಸಲವೂ ನಿನ್ನ ಉಪ್ಪು ಸುಟ್ಟುಹಾಕಿತು. ಐದನೆಯದು ನಿನ್ನೆ ಎಲೆ ಉದುರಿಸಿದೆ. ಇನ್ನೊಂದು ಬೇಸಿಗೆಯನ್ನು ಈ ಮಗು ತಡೆಯುವುದಿಲ್ಲ ಎಂದು ಡಾಕ್ಟರಮ್ಮ ನನ್ನ ಮುಖ ನೋಡದೆ ಹೇಳಿದರು.

ಈ ಕಾಗದ ಕೈಸೇರಿದ ದಿನವೇ ವಾಲ್ವ್ ಮುಚ್ಚು. ಹದಿನೈದು ದಿನ ಅದನ್ನು ಮುಟ್ಟಬೇಡ, ಆಮೇಲೂ ಹದಿನೈದು ದಿನಕ್ಕೊಮ್ಮೆಯೇ ತಿರುಗಿಸು. ಎಲೆ ಜೋಲಲಿ, ದೊಡ್ಡವರು ಬಂದು ಬಾಡಿದ್ದನ್ನೇ ನೋಡಿಕೊಂಡು ಹೋಗಲಿ. ಎಂಜಿನಿಯರ್ ನಿನ್ನನ್ನು ಎಲ್ಲರೆದುರು ಬೈಯುತ್ತಾನೆ, ಕೆಲಸದಿಂದ ತೆಗೆಯುತ್ತೇನೆ ಅನ್ನುತ್ತಾನೆ.

ಬೈಸಿಕೋ ಅಜ್ಜಿ. ನನ್ನ ಮಗಳು ಉಸಿರಾಡಬೇಕು.