ಡಿ ಭಾಗದ ದನಿಗಳು

ಅಕ್ಟೋಬರ್ 10, ಶುಕ್ರವಾರ

ಪ್ರೀತಿಯ ಅತ್ತಿಗೆಗೆ,

ಈ ಪೊಟ್ಟಣದೊಳಗೆ ನಾನು ಮೊದಲು ಇಟ್ಟದ್ದು ಎರಡು ಸಾಲಿನ ಚೀಟಿ. ನಿಮ್ಮ ಧ್ವನಿಮುದ್ರಣಗಳ ಹಳೆಯ ನಕಲೊಂದು ನಮ್ಮ ಕಾಲೇಜಿನ ಲ್ಯಾಬಿನ ಕಪಾಟಿನಲ್ಲಿ ಸಿಕ್ಕಿತು, ಕಳಿಸುತ್ತಿದ್ದೇನೆ ಎಂದು ಬರೆದು, ಅಂಟು ಹಚ್ಚಿ ಮುಚ್ಚಿಯೂ ಆಗಿತ್ತು. ಹಾಗೆಯೇ ಕಳಿಸಿದ್ದರೆ ನೀವು ನನ್ನನ್ನು ಹೊಗಳುತ್ತಿದ್ದಿರಿ. ಅದನ್ನು ನೆನೆದು ಪೊಟ್ಟಣ ಒಡೆದೆ. ಹಳೆಯ ನಕಲು ಯಾವುದೂ ಇರಲಿಲ್ಲ, ಅತ್ತಿಗೆ. ನೀವು ಮಾತು ಕಲಿಸಿದ ರೋಗಿಗಳ ಒಂಬತ್ತು ವರ್ಷದ ದನಿಗಳನ್ನು ಅಳಿಸಿದ್ದು ಅಣ್ಣನಲ್ಲ, ನಾನು.

ಈ ಒಂದು ವಾಕ್ಯಕ್ಕೆ ಎಂಟು ವಾರ ಹಿಡಿಯಿತು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಕಷ್ಟದ ಮಾತು ಬಂದಾಗ ನಾನು ಇಂಗ್ಲಿಷಿಗೆ ಜಾರಿಬಿಡುತ್ತೇನೆ, ಶಾಲೆಯಲ್ಲಿ ಅಂಟಿದ ಅಭ್ಯಾಸ ಅದು. ಆ ಭಾಷೆಯಲ್ಲಿ ‘ಸಾರಿ’ ಅನ್ನುವುದು ನನಗೆ ಸೀನಿದಷ್ಟು ಸಲೀಸು. ಅದಕ್ಕೇ ಬರೆಯುತ್ತಿದ್ದೇನೆ. ಇಪ್ಪತ್ತನೇ ತಾರೀಖು ನೀವು ವಕೀಲರಲ್ಲಿಗೆ ಹೋಗಿ ಬೇರೆಯಾಗುವ ಕಾಗದಕ್ಕೆ ಸಹಿ ಹಾಕುತ್ತೀರೆಂದು ಅಣ್ಣ ನಿನ್ನೆ ಹೇಳಿದ. ಅದಕ್ಕೆ ಮೊದಲು ಇದು ನಿಮ್ಮ ಕೈ ಸೇರಬೇಕು.

ನಡೆದದ್ದನ್ನು ನಡೆದ ಹಾಗೆ ಹೇಳಲು ನೋಡುತ್ತೇನೆ.

ನಿಮ್ಮ ಲ್ಯಾಪ್‌ಟಾಪ್ ಮುದಿಯಾಗಿತ್ತು. ಅದನ್ನು ಶುರು ಮಾಡಿ ಸ್ನಾನ ಮುಗಿಸಿ ಬಂದರೂ ಅದಿನ್ನೂ ಕಣ್ಣುಜ್ಜಿಕೊಳ್ಳುತ್ತಲೇ ಇರುತ್ತದೆಂದು ನೀವೇ ನಗುತ್ತಿದ್ದಿರಿ. “ರೋಗಿ ಸರಿಯಾಗೇ ಮಾತಾಡ್ತಾರೆ ಕಣೇ, ಈ ಯಂತ್ರವೇ ತೊದಲುತ್ತೆ. ಯಾರಿಗೆ ಚಿಕಿತ್ಸೆ ಕೊಡ್ಲಿ?” ಅಂದಿರಿ. ನನಗೋ, ಕೇಳುವವರು ಸಿಕ್ಕರೆ ಸಾಕು. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಗುಜರಿಗೆ ಹೊರಟಿದ್ದ ಹದಿಮೂರು ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಬಿಟ್ಟಿ ವ್ಯವಸ್ಥೆಯನ್ನು ಹಾಕಿ ಎಬ್ಬಿಸಿ ಕೂರಿಸಿದವಳು ನಾನು. ಲಿನಕ್ಸಿನ ಗುರುತು ಪೆಂಗ್ವಿನ್ ಹಕ್ಕಿ, ಹಾಗಾಗಿ ಅಲ್ಲಿನವರು ಬೆನ್ನ ಹಿಂದೆ ನನ್ನನ್ನು ಪೆಂಗ್ವಿನ್ ಮೇಡಂ ಅನ್ನುತ್ತಾರೆ, ಗೊತ್ತಿದ್ದೂ ಖುಷಿಪಟ್ಟಿದ್ದೇನೆ. ನನ್ನ ಉಪದೇಶ ನಿಮಗೂ ಬಾಯಿಪಾಠ: ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ, ಒಗ್ಗಿದರೆ ಮಾತ್ರ ಹಾಕಿಕೊಳ್ಳಿ. ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಒತ್ತುವಾಗ ಒಂದು ಚುಕ್ಕಿಯೂ ಮೂಡುವುದಿಲ್ಲ, ಕೀಲಿಮಣೆ ಸತ್ತಿತೆಂದು ಗಾಬರಿಯಾಗಬೇಡಿ. ಯಾರೋ ಬರೆದ ಆಜ್ಞೆಯನ್ನು ಅರ್ಥವಾಗದೆ ನಕಲು ಮಾಡಿ ಒತ್ತಬೇಡಿ. ಅಣ್ಣನೂ ನನ್ನ ಕಡೆಯೇ ಇದ್ದ. ಹೊಲಿಗೆ ಯಂತ್ರ ರಿಪೇರಿ ಮಾಡುವವನಿಗೆ ಇದು ಬೇಗ ಅರ್ಥವಾಯಿತು. “ಬಿಚ್ಚಿ ನೋಡೋಕೆ ಬಿಡದ ಯಂತ್ರ ನಮ್ಮದಲ್ಲ, ಬಾಡಿಗೇದು,” ಅಂದ.

ಅದೇ ವಾರ ನಿಮ್ಮಿಬ್ಬರಿಗೂ ಜಗಳವಾಗಿತ್ತು. “ಹೊತ್ತುಗೊತ್ತಿಲ್ಲದೆ ಆ ಪೆಟ್ಟಿಗೆ ಮುಂದೆ! ಒಂದಿನ ಎಲ್ಲಾ ಒರೆಸಿ ಹಾಕ್ತೀನಿ, ಆವಾಗ್ಲಾದ್ರೂ ನನ್ನ ದನಿ ಕೇಳುತ್ತೇನೋ,” ಎಂದು ಅಣ್ಣ ಕೂಗಿದನಂತೆ. ಇದನ್ನು ನೀವು ನನಗೆ ಫೋನಿನಲ್ಲಿ ನಗುತ್ತಲೇ ಹೇಳಿದಿರಿ, ಆದರೆ ಆ ನಗು ನಿಮ್ಮದಾಗಿರಲಿಲ್ಲ.

ಆಗಸ್ಟ್ ಹದಿನೇಳು, ಭಾನುವಾರ. ನಿಮ್ಮ ಯಂತ್ರಕ್ಕೆ ಲಿನಕ್ಸ್ ಹಾಕಲು ನಾನು ಬಂದಾಗ ನೀವು ಆಸ್ಪತ್ರೆಯ ಶಿಬಿರಕ್ಕೆ ಹೊರಟಿದ್ದಿರಿ. ಚಪ್ಪಲಿ ಮೆಟ್ಟುತ್ತಾ “ಮೊದ್ಲು ಎಲ್ಲಾ ನಕಲು ಮಾಡ್ಕೊಳೇ, ಮರೀಬೇಡ,” ಅಂದಿರಿ. “ನನಗೇ ಪಾಠನಾ ಅತ್ತಿಗೆ?” ಅಂದೆ.

ನಕಲು ಮಾಡಿಕೊಂಡೆ. ಆದರೆ ನಿಮ್ಮ ಯಂತ್ರ ಮಾರಿದವನು ಒಂದೇ ಡಿಸ್ಕನ್ನು ಸಿ, ಡಿ ಎಂದು ಎರಡು ಭಾಗ ಮಾಡಿಕೊಟ್ಟಿದ್ದ. ಸಿ ಭಾಗದಲ್ಲಿ ನಿಮ್ಮ ಬರಹ, ಫೋಟೋ, ಜೊತೆಗೆ ‘ದನಿಗಳು’ ಎಂಬ ಒಂದು ಫೋಲ್ಡರ್ ಇತ್ತು. ಅದರೊಳಗೆ ಇದ್ದದ್ದು ಅದರ ಹಿಂದಿನ ತಿಂಗಳ ಇಪ್ಪತ್ತು ಮುದ್ರಣ ಮಾತ್ರ. ಹೆಸರು ನೋಡಿ ಇಷ್ಟೇ ಅಂದುಕೊಂಡೆ, ತೆರೆದು ಎಣಿಸಲಿಲ್ಲ. ಉಳಿದವೆಲ್ಲ ಇದ್ದ ಡಿ ಭಾಗದತ್ತ ಕಣ್ಣೇ ಹಾಯಲಿಲ್ಲ.

ಆಮೇಲೆ ಪರದೆ ಕೇಳಿತು: ಹಳೆಯದರ ಪಕ್ಕದಲ್ಲಿ ಹಾಕಲೋ, ಇಡೀ ಡಿಸ್ಕ್ ಅಳಿಸಿ ಹಾಕಲೋ? ಲ್ಯಾಬಿನಲ್ಲಿ ಹದಿಮೂರು ಸಲವೂ ನಾನು ಒತ್ತಿದ್ದು ಎರಡನೆಯದನ್ನೇ. ಅಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಬೆರಳು ತಾನಾಗಿ ಹೋಯಿತು. ಪಾಪ, ಅದು ಇನ್ನೊಮ್ಮೆ ಎಚ್ಚರಿಸಿತು. ಅಳಿಯಲಿರುವ ಭಾಗಗಳ ಪಟ್ಟಿಯನ್ನು ಕೊಟ್ಟು, ಮುಂದುವರಿಯಲೇ ಎಂದು ಕೇಳಿತು. ನಾನು ಓದಲಿಲ್ಲ. ಆ ಪಟ್ಟಿ ಓದುವುದು ಹೊಸಬರ ಕೆಲಸ ಎಂದುಕೊಂಡಿದ್ದೆ. ನನ್ನ ತಪ್ಪು ಇಷ್ಟೇ ಆಗಿದ್ದರೆ ಅದು ಬರೀ ತಪ್ಪಾಗಿರುತ್ತಿತ್ತು.

ನಾಲ್ಕು ಗಂಟೆಗೆ ನೀವು ಬಂದಿರಿ. ಗುಂಡಿ ಒತ್ತಿ ಉಸಿರು ಬಿಡುವುದರೊಳಗೆ ಪರದೆ ತೆರೆದದ್ದು ನೋಡಿ, ಮಗುವಿನ ಹಾಗೆ ಎರಡು ಸಲ ಆರಿಸಿ ಹೊತ್ತಿಸಿದಿರಿ. ಆಮೇಲೆ ತಲೆ ಎತ್ತದೆ ಕೇಳಿದಿರಿ, “ಡಿ ಎಲ್ಲೇ?”

ಏನಾಗಿದೆ ಎಂದು ತಿಳಿಯಲು ಕ್ಷಣವೂ ಬೇಕಾಗಲಿಲ್ಲ. ಸುಳ್ಳು ಅದಕ್ಕಿಂತ ಬೇಗ ಬಂತು. “ಡಿ ಖಾಲಿ ಇತ್ತಲ್ಲ ಅತ್ತಿಗೆ, ನಾನು ನೋಡಿದಾಗ್ಲೇ ಏನೂ ಇರ್ಲಿಲ್ಲ.”

ನಂಬಿದಿರಿ. ಕಂಪ್ಯೂಟರಿನ ವಿಷಯದಲ್ಲಿ ನನ್ನ ಮಾತಿಗೆ ಎದುರಾಡಿದವರು ಆ ಮನೆಯಲ್ಲಿ ಯಾರೂ ಇಲ್ಲ. ನೀವು ತಿರುಗಿದ್ದು ಅಡುಗೆಮನೆಯ ಬಾಗಿಲಿನತ್ತ. ಅಲ್ಲಿ ಅಣ್ಣ ಕೈಗೆ ಮೆತ್ತಿದ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ನಿಂತಿದ್ದ. “ಮಾಡೇಬಿಟ್ರಲ್ಲ?” ಅಂದಿರಿ. ನೀವು ಕೂಗಿದ್ದರೆ ನಾನು ಒಪ್ಪಿಕೊಂಡುಬಿಡುತ್ತಿದ್ದೆನೇನೋ. ನೀವು ಕೂಗಲಿಲ್ಲ. ಅವನು ನಿಮ್ಮನ್ನು ನೋಡಿದ, ನನ್ನನ್ನು ನೋಡಿದ, “ಏನೋ ಮಾತಿಗೆ ಅಂದಿದ್ದು ಕಣೇ,” ಅಂದ. ಬಟ್ಟೆಯನ್ನು ಹೆಗಲಿಗೆ ಹಾಕಿ ಒಳಕ್ಕೆ ನಡೆದ. ಅದು ತಪ್ಪೊಪ್ಪಿಗೆಯ ಹಾಗೇ ಕೇಳಿಸಿತು, ನನಗೆ ಕೂಡ. ಆ ಗಳಿಗೆಯಲ್ಲಿ ನನಗೆ ಹಾಯೆನಿಸಿತು ಅತ್ತಿಗೆ. ಇದನ್ನು ಬರೆಯದೇ ಬಿಡಬಹುದಿತ್ತು.

ಮಾರನೆಯ ದಿನ ಡಿಸ್ಕ್ ಹಳತಾಗಿದೆ, ಹೊಸದು ಹಾಕಿಕೊಡುತ್ತೇನೆ ಎಂದು ಹೇಳಿ ನಿಮ್ಮ ಹಳೆಯ ಡಿಸ್ಕನ್ನು ಬಿಚ್ಚಿ ಒಯ್ದೆನಲ್ಲ, ಅದೂ ನಾಟಕವೇ. ನೀವು ಕೆಂಪಗಾದ ಕಣ್ಣಿನಲ್ಲೇ “ನೀನಾದ್ರೂ ಇದ್ದೀಯಲ್ಲ,” ಅಂದಿರಿ. ಆ ವಾರ ಕಳೆಯುವ ಮೊದಲೇ ಆಸ್ಪತ್ರೆಯ ಕ್ವಾರ್ಟರ್ಸಿನ ಒಂದು ಕೋಣೆಗೆ ಹೋದಿರಿ.

ಅಳಿಸಿದ ಡಿಸ್ಕಿನಲ್ಲಿ ಎಲ್ಲವೂ ಅಳಿದಿರುವುದಿಲ್ಲ. ಮನೆಗಳೆಲ್ಲ ನಿಂತೇ ಇರುತ್ತವೆ, ಅಂಚೆಯವನ ಕೈಯ ವಿಳಾಸದ ಪಟ್ಟಿ ಮಾತ್ರ ಹರಿದಿರುತ್ತದೆ. ಹೊಸ ಮನೆ ಎದ್ದ ಜಾಗದಲ್ಲಷ್ಟೇ ಹಳೆಯದು ನೆಲಸಮ. ಹಾಗಾಗಿ ಅದರ ಮೇಲೆ ಮತ್ತೆ ಒಂದಕ್ಷರವನ್ನೂ ಬರೆಯಬಾರದು. ಮೊದಲು ಇಡೀ ಡಿಸ್ಕಿನ ಪ್ರತಿ ತೆಗೆದು, ಆ ಪ್ರತಿಯಲ್ಲೇ ಹುಡುಕಬೇಕು. ಹುಡುಕುವ ತಂತ್ರಾಂಶವೂ ಬಿಟ್ಟಿಯೇ. ಯಾರೋ ಗುರುತಿಲ್ಲದವರು ಬರೆದು ಊರಿಗೆಲ್ಲ ಹಂಚಿದ್ದು. ಎಂಟು ವಾರ ಊಟದ ವಿರಾಮದಲ್ಲಿ ಲ್ಯಾಬಿನ ಬಾಗಿಲು ಹಾಕಿಕೊಂಡು ಕೂತೆ. ಸಾವಿರದ ಆರುನೂರು ಚಿಲ್ಲರೆ ಇದ್ದವೆಂದು ನೀವು ಹೇಳಿದ ನೆನಪು. ಸಾವಿರದ ಮುನ್ನೂರ ಹನ್ನೆರಡು ಸಿಕ್ಕಿವೆ. ಉಳಿದವು ಹೋದವು, ನಾನು ಹಾಕಿದ ಹೊಸ ವ್ಯವಸ್ಥೆಯ ಅಡಿಯಲ್ಲಿ. ಅವು ಇನ್ನು ಬರುವುದಿಲ್ಲ.

ಸಿಕ್ಕವಕ್ಕೂ ಹೆಸರಿಲ್ಲ. ಯಾರ ದನಿ, ಯಾವ ತಿಂಗಳು, ಎಷ್ಟನೇ ಪಾಠ ಎಂದು ನೀವಿಟ್ಟಿದ್ದ ಹೆಸರುಗಳೆಲ್ಲ ಹೋಗಿ ಬರೀ ಅಂಕಿಗಳು ಉಳಿದಿವೆ. ಸರಿಯಾಗಿವೆಯೋ ಇಲ್ಲವೋ ನೋಡಲು ಒಂದೊಂದನ್ನೂ ಕೇಳಬೇಕಾಯಿತು. ಕೇಳುವ ಹಕ್ಕು ನನಗಿರಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಒಬ್ಬ ಬಸ್ ಕಂಡಕ್ಟರ್ ಇದ್ದಾರೆ. ‘ಏಳು’ ಎಂದು ಹೇಳಲು ಬಾರದೆ, ಪ್ರತಿ ಸಲ ಒಂದರಿಂದ ಎಣಿಸಿಕೊಂಡು ಏಳಕ್ಕೆ ಬಂದು ಥಟ್ಟನೆ ನಿಲ್ಲುತ್ತಾರೆ. ಒಬ್ಬರು ಮೇಷ್ಟ್ರಿಗೆ ಹೆಂಡತಿಯ ಹೆಸರು ಬಾಯಿಗೆ ಬಾರದು, ಬೈಗುಳ ಮಾತ್ರ ಅರಳು ಹುರಿದ ಹಾಗೆ. ನೀವು “ಪರವಾಗಿಲ್ಲ ಸಾರ್, ಅದನ್ನೇ ಇನ್ನೊಂದ್ಸಲ ಹೇಳಿ, ಸೊಗಸಾಗಿದೆ,” ಅನ್ನುತ್ತೀರಿ, ಹಿಂದೆ ಆ ಹೆಂಡತಿ ನಗುವುದು ಕೇಳುತ್ತದೆ. ಎಲ್ಲದರಲ್ಲೂ ನಿಮ್ಮ ದನಿ ಇದೆ: “ಅವಸರ ಇಲ್ಲ, ನಾನು ಕಾಯ್ತೀನಿ.” ಒಂದರಲ್ಲಿ ನೀವು ನಾಲ್ಕು ನಿಮಿಷ ಸುಮ್ಮನೆ ಕಾದಿದ್ದೀರಿ. ಡಿಸ್ಕ್ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಯಾರೋ “ನೀರು,” ಅಂದರು.

ಅಣ್ಣನಿಗೆ ಆ ನಾಲ್ಕು ನಿಮಿಷ ಸಿಗಲಿಲ್ಲ. ಅದು ನಿಮ್ಮ ತಪ್ಪಲ್ಲ. ಒಂದೇ ಉಸಿರಿನ ಸುಳ್ಳಿನಿಂದ ಅವನ ದಾರಿ ಮುಚ್ಚಿಬಿಟ್ಟವಳು ನಾನು.

ಜೊತೆಗಿರುವ ಡಿಸ್ಕನ್ನು ಸಿಕ್ಕಿಸಿದರೆ ತಾನೇ ತೆರೆದುಕೊಳ್ಳುತ್ತದೆ, ಯಾವ ಆಜ್ಞೆಯೂ ಬೇಡ. ಕೀಳುವ ಮೊದಲು ಹೊರಹಾಕುವ ಗುರುತನ್ನು ಒತ್ತಿ, ಅದು ಸರಿ ಅನ್ನುವ ತನಕ ತಾಳಿ. ಇದರಿಂದ ಇನ್ನೊಂದು ಪ್ರತಿ ಮಾಡಿ ಬೇರೆ ಕೋಣೆಯಲ್ಲಿ ಇಡಿ. ಹೆಸರು ಮತ್ತೆ ಬರೆಯಬೇಕಾದವರು ನೀವೇ, ದನಿ ಕೇಳಿ ಗುರುತಿಸಬಲ್ಲವರು ಇನ್ನಾರೂ ಇಲ್ಲ. ಪಕ್ಕದಲ್ಲಿ ಕೂತು ಬರೆದುಕೊಳ್ಳುವವರು ಬೇಕಿದ್ದರೆ ಬರುತ್ತೇನೆ. ಬೇಡವೆಂದರೆ ಅದೂ ನ್ಯಾಯವೇ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಉತ್ತರ ಕೊಡುವ ಭಾರವೂ ನಿಮ್ಮ ಮೇಲೇ ಬೀಳುತ್ತದೆ. ಆದರೆ ಅವನು ಮಾಡದ ಕೆಲಸವನ್ನು ಅವನ ಲೆಕ್ಕಕ್ಕೆ ಬರೆದು ಸಹಿ ಹಾಕಬೇಡಿ.

ನಿಮ್ಮ ನಾದಿನಿ

ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಕೊನೆಗಿಟ್ಟದ್ದು: ನಿನ್ನೆ ಅಂಗಡಿಗೆ ಹೋಗಿ ಅಣ್ಣನೆದುರು ಎಲ್ಲ ಒಪ್ಪಿಕೊಂಡೆ. ಅವನು ಯಂತ್ರದಿಂದ ತಲೆ ಎತ್ತಲಿಲ್ಲ. “ಗೊತ್ತು ಬಿಡೇ. ಅವತ್ತು ಬೆಳಿಗ್ಗೆ ನೀನು ಬರೋ ಮುಂಚೆ ಡಿಯಿಂದ್ಲೇ ನಾನೊಂದು ಚಿತ್ರ ಪ್ರಿಂಟ್ ತಗೊಂಡಿದ್ದೆ. ತುಂಬಿ ತುಳುಕ್ತಿತ್ತು,” ಅಂದ. ಮತ್ತೆ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ನಾನೇ ರೇಗಿದೆ, ನಾಚಿಕೆಯಿಲ್ಲದೆ. “ಎರಡು ವರ್ಷದಿಂದ ಅವಳು ಹೊರಡೋಕೆ ಒಂದು ಕಾರಣ ಹುಡುಕ್ತಿದ್ಲು. ನನ್ನ ಹತ್ರ ಕೊಡೋಕೆ ಏನೂ ಇರ್ಲಿಲ್ಲ. ನೀನು ಕೊಟ್ಟೆ. ಈಗ ಕಿತ್ಕೋಬೇಡ,” ಅಂದ. ಇದನ್ನು ನಿಮಗೆ ಬರೆಯಕೂಡದೆಂದು ಆಣೆ ಹಾಕಿದ. ಅವನು ಅಂದದ್ದು ನಿಜವೋ ಸುಳ್ಳೋ ನಿಮಗೊಬ್ಬರಿಗೇ ಗೊತ್ತು. ನಿಜವೇ ಆಗಿದ್ದರೆ ಹೊರಡಿ ಅತ್ತಿಗೆ, ನಾನು ಅಡ್ಡ ಬರುವುದಿಲ್ಲ. ಆದರೆ ನಿಮ್ಮದೇ ಕಾರಣಕ್ಕೆ ಹೊರಡಿ, ನನ್ನ ಸುಳ್ಳಿನ ಮೇಲಲ್ಲ. ಪೊಟ್ಟಣದಿಂದ ತೆಗೆದ ಡಿಸ್ಕನ್ನು ಕೊನೆಯ ಸಲ ತಪಾಸಣೆಗೆ ಹಾಕಿದ್ದೇನೆ, ಅದು ನಾಳೆ ಮುಗಿಯುತ್ತದೆ, ನಾಡಿದ್ದು ಅಂಚೆ ಕಚೇರಿಗೆ ರಜೆ. ಆ ಎರಡು ದಿನದಲ್ಲಿ ನನ್ನ ಮನಸ್ಸು ಬದಲಾಗದಿರಲೆಂದು ಲಕೋಟೆಯ ಮೇಲೆ ಅಂಚೆಗೆ ಹಾಕುವ ದಿನವನ್ನು ಈಗಲೇ ಬರೆದಿಟ್ಟಿದ್ದೇನೆ: ಸೋಮವಾರ ಬೆಳಿಗ್ಗೆ, ಅಕ್ಟೋಬರ್ 13.